ಈಜುಕೊಳಕ್ಕೆ ಬಾಗಿನ

ನನಗೆ ಬಾಯಿ ಜೋರು. ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಶಿಕಾರಿಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಊರವರು ಚಂದಾ ಎತ್ತಿ ಕಟ್ಟಿಸಿದ ಈಜುಕೊಳಕ್ಕೆ ಒಂದು ಸಮಿತಿ ಮಾಡುವಾಗ, ಹೆಂಗಸರ ಕಡೆಯಿಂದಲೂ ಒಬ್ಬರು ಬೇಕು ಅಂತ ಮಾತು ಬಂತಂತೆ. ಪೈಪು, ಮೋಟಾರು ಸಾಮಾನು ಮಾರುವ ನಮ್ಮ ಅಂಗಡಿಗೆ ಬಂದು ನನ್ನ ಯಜಮಾನರನ್ನು ಕೇಳಿದರು. ಅವರು ಹಿಂದೆ ಮುಂದೆ ನೋಡದೆ, "ಕರ್ಕೊಂಡು ಹೋಗ್ರಿ ಮಾರಾಯ್ರೇ, ನನಗೂ ಸ್ವಲ್ಪ ಹೊತ್ತು ನೆಮ್ಮದಿ" ಅಂದರು. ಹಾಗೆ ನಾನು ಸಮಿತಿ ಸೇರಿದೆ.

ಈಜು ನನಗೆ ಹೊಸದಲ್ಲ. ನನ್ನ ತವರು ಸೊರಬದ ಕಡೆ, ಕುಪ್ಪಗಡ್ಡೆ ಹತ್ತಿರದ ಹಳ್ಳಿ. ಚಿಕ್ಕಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಕೆರೆಗೆ ಎಸೆದು, "ಎಂತ ಕೂಗ್ತೀಯೆ, ಕಾಲು ಬಡಿ" ಅಂತ ದಡದಲ್ಲಿ ಕೂತು ಎಲೆ ಅಡಿಕೆ ಹಾಕಿದ್ದ. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ನೀರಿಗೂ ನನಗೂ ಸಂಬಂಧ ಅಂದರೆ ಬಚ್ಚಲು ಮನೆ ಮಾತ್ರ. ಹಾಗಾಗಿ ಆ ನೀಲಿ ಟೈಲ್ಸಿನ ಕೊಳ ಮೊದಲ ಸಲ ತುಂಬಿ ನಿಂತದ್ದನ್ನು ನೋಡಿದಾಗ ನಾನು ಈ ವಯಸ್ಸಿನಲ್ಲಿ ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಅಷ್ಟು ನೀರು, ತಳದವರೆಗೂ ಕಾಣುವ ನೀರು, ಅದೂ ನಮ್ಮೂರ ಪೇಟೆ ಹಿಂದೆ! ಕೆರೆಯಲ್ಲಿ ಬೆಳೆದವಳು ನಾನು, ಆದರೆ ನೀರಿನ ತಳ ನೋಡಿದ್ದು ಅವತ್ತೇ ಮೊದಲು.

ಮಧ್ಯಾಹ್ನದ ಹೊತ್ತು ಹೆಂಗಸರದ್ದು. ಸುತ್ತ ತಗಡು ಹೊಡೆಸಿ, ಗಂಡಸರನ್ನು ಗೇಟಿನ ಆಚೆ ನಿಲ್ಲಿಸಿ, ಕಲಿಸುವ ಕೆಲಸ ನಾನೇ ವಹಿಸಿಕೊಂಡೆ. ಟೀಚರುಗಳು ಬಂದರು, ಬ್ಯಾಂಕಿನವರು ಬಂದರು, ಮಂಡಿನೋವಿಗೆ ಡಾಕ್ಟರು ಹೇಳಿದರು ಅಂತ ಅಜ್ಜಿಯರೂ ಬಂದರು. ಈಜಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಸೊಂಟದ ಮಟ್ಟ ನೀರಲ್ಲಿ ನಿಂತು ಸೊಸೆಯರ ರಾಮಾಯಣ ಬಿಚ್ಚುವವರನ್ನು ಗದರಿಸಿ ಗದರಿಸಿ ನನ್ನ ಗಂಟಲು ಬಿದ್ದು ಹೋಗಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಉಡುತಡಿಯಿಂದ ಒಬ್ಬ ಹೆಂಗಸು ಬಂದಳು. ಮೂವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ. ಗಂಡನ ಹಳೇ ತುಂಬುತೋಳಿನ ಅಂಗಿ, ಕೆಳಗೊಂದು ಲೆಗ್ಗಿಂಗು ತಂದಿದ್ದಳು. ಅವರದು ಕುರಿ ಸಾಕುವ ಮನೆ, ಜೊತೆಗೆ ಸ್ವಲ್ಪ ಮೆಕ್ಕೆಜೋಳ. ಬಸ್ಸಿನಿಂದ ಇಳಿದು ನೇರ ಬಂದವಳು ಟಿಕೆಟ್ ಕೌಂಟರಿನಲ್ಲಿ, "ಎಷ್ಟು ದಿನಕ್ಕೆ ಬರ್ತದ್ರೀ ಈಜು?" ಅಂತ ಕೇಳಿದಳು, ಹೊಲಿಗೆ ಮಷಿನ್ ಕಲಿಯಲು ಬಂದವರು ಕೇಳುವ ಹಾಗೆ.

"ಅವಸರ ಏನಮ್ಮ?" ಅಂದೆ.

"ಮಳೆಗಾಲಕ್ಕೆ ಮುಂಚೆ ಬರಬೇಕ್ರಿ ಅಕ್ಕಾರ. ಹೊಂಡ ತುಂಬೋದ್ರೊಳಗೆ."

ಅವಳು ಮೆಟ್ಟಿಲ ಮೇಲೆ ಕೂತು, ನೀರಿಗೆ ಕಾಲು ಬಿಟ್ಟುಕೊಂಡು ವಿಷಯ ಹೇಳಿದಳು. ಹೊಲದ ಅಂಚಿಗೆ, ಮನೆಯಿಂದ ಕೂಗಳತೆಯಲ್ಲಿ, ಕೃಷಿಹೊಂಡ ತೋಡಿಸಿದ್ದಾರೆ. ನೀರು ಇಂಗದ ಹಾಗೆ ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರು ಹತ್ತಲು ಆಗುವುದಿಲ್ಲ. ಹೋದ ಮಳೆಗಾಲದಲ್ಲಿ ಗಬ್ಬದ ಕುರಿಯೊಂದು ಬೇಲಿ ನುಗ್ಗಿ ಒಳಗೆ ಬಿತ್ತು. ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಇವಳು ದಂಡೆಯಲ್ಲಿ ನಿಂತು ಕೂಗಿದಳು, ಹಗ್ಗ ಎಸೆದಳು. ಕುರಿಗೆ ಹಗ್ಗ ಹಿಡಿಯಲು ಬರುತ್ತದೆಯೇ? ಅದು ಇವಳ ಮುಖ ನೋಡುತ್ತಲೇ ಈಜಿ ಈಜಿ ಸುಸ್ತಾಗಿ ಮುಳುಗಿತು.

"ಅವತ್ತು ನನ್ನ ಮಗಳು ನನ್ನ ಸೆರಗು ಹಿಡ್ಕಂಡು ಪಕ್ಕದಾಗೇ ನಿಂತಿದ್ಳು ಅಕ್ಕಾರ. ಇನ್ನೂ ಬಾಲವಾಡಿ ಹುಡುಗಿ. ಕುರಿ ಹೋದದ್ದು ಹೋತು. ಇವಳು ಬಿದ್ರೂ ನಾನು ಹಂಗೇ ನಿಂತು ನೋಡಬೇಕಾ?"

ಬೇಲಿ ಗಟ್ಟಿ ಮಾಡಿಸಲಿಲ್ಲವೇ ಅಂದೆ. ಮಾಡಿಸಿದ್ದಾರಂತೆ, ಜಾಲರಿ, ಮುಳ್ಳು ಎರಡೂ. "ಬೇಲಿ ಐತ್ರೀ. ಆದ್ರೆ ನನಗೆ ನಂಬಿಕೆ ಇಲ್ಲ" ಅಂದಳು. ಅವಳ ಅತ್ತೆ, "ಕುರಿ ಕಾಯೋರಿಗೆ ಈಜು ಯಾಕೆ, ಮೀನು ಹಿಡಿಯಕ್ಕೆ ಹೊಂಟಿಯೇನು" ಅಂತ ಮೂಗು ಮುರಿದಿದ್ದರಂತೆ. ಆದರೂ ಇವಳು ಈಜಿಗೆ ಬಂದಾಗ ಮಗುವನ್ನು ನೋಡಿಕೊಳ್ಳುವುದು ಆ ಅತ್ತೆಯೇ, ಹಾಗಾಗಿ ಅವರ ಮಾತಿಗೆ ಇವಳು ಬೇಸರ ಮಾಡಿಕೊಂಡಿರಲಿಲ್ಲ.

ಕಲಿಸಲು ಹೋದರೆ ಅಯ್ಯೋ ಶಿವನೇ! ಎರಡನೇ ಮೆಟ್ಟಿಲ ಕಂಬಿ ಹಿಡಿದವಳು ಬಿಡುವುದೇ ಇಲ್ಲ. ಮುಖಕ್ಕೆ ನೀರು ತಾಗಿದರೆ ಬೆಂಕಿ ತಾಗಿದ ಹಾಗೆ ಹೌಹಾರುತ್ತಾಳೆ. ನಾನು ರೇಗಿ, "ಸತ್ತವರ ಹಾಗೆ ಮೈ ಸಡಿಲ ಬಿಡೇ ಮಾರಾಯ್ತಿ, ನೀರೇ ಎತ್ತುತ್ತೆ" ಅಂದೆ. ಅವಳು ಅಷ್ಟೇ ರೇಗಿ, "ಸಾಯಕ್ಕೆ ಬಂದಿಲ್ರೀ ನಾನು, ಬದುಕಿಸಕ್ಕೆ ಬಂದೀನಿ" ಅಂದಳು. ಸುತ್ತ ನಿಂತ ಟೀಚರುಗಳು ನಕ್ಕರು. ನನಗೆ ಮೊದಲ ಸಲ ಸರಿಸಮ ಬಾಯಿಯವಳು ಸಿಕ್ಕಿದ್ದಳು.

ಒಂದು ಮಧ್ಯಾಹ್ನ, ಯಾಕೋ ಏನೋ, ಅವಳು ಬಿಟ್ಟಳು. ನನ್ನ ಅಂಗೈ ಅವಳ ಬೆನ್ನ ಕೆಳಗಿತ್ತು. ಭಾರ ಕಡಿಮೆಯಾಗುತ್ತಾ ಆಗುತ್ತಾ ಅಂಗೈ ಮೇಲೆ ಏನೂ ಇಲ್ಲದಂತಾಯಿತು. ನಾನು ಮೆಲ್ಲಗೆ ಕೈ ತೆಗೆದೆ. ಅಂಗಿ ಉಬ್ಬಿ, ಕೂದಲು ಹರಡಿ, ಕಿವಿಯವರೆಗೆ ನೀರಲ್ಲಿ ಮುಳುಗಿ, ಅವಳು ಆಕಾಶ ನೋಡುತ್ತ ತೇಲುತ್ತಿದ್ದಳು. ಬಹಳ ಹೊತ್ತಿನ ಮೇಲೆ, ಕೇಳಿಸೀತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿಯಲ್ಲಿ, "ಅಕ್ಕಾರ, ನನ್ನ ಎದೆ ಬಡಿಯೋದು ನನಗೇ ಕೇಳ್ತೈತೆ" ಅಂದಳು.

ಎಷ್ಟು ಜನರಿಗೆ ಕಲಿಸಿದ್ದೇನೋ! ನೀರು ಮನುಷ್ಯರನ್ನು ಎತ್ತಿ ಹಿಡಿಯುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವತ್ತು ಅದನ್ನು ಮೊದಲ ಸಲ ನೋಡಿದ ಹಾಗಾಯಿತು. ತೇಲುವುದೊಂದು ಬಂತು ಅಂದರೆ ಕೈಕಾಲು ಹೊಡೆಯುವುದು ಕಲಿಸಬಹುದು ಅಂತ ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ, ಅವರು ಕೇಳದಿದ್ದರೂ ಹೇಳಿದೆ.

ಅದೇ ವಾರ ಸಮಿತಿಯ ಸಭೆಯಲ್ಲಿ ಕೊಳ ಮುಚ್ಚುವ ಮಾತು ಬಂತು.

ನಮ್ಮ ಅಧ್ಯಕ್ಷರು ಅಡಿಕೆ ವ್ಯಾಪಾರಸ್ಥರು, ಸಾಧು ಮನುಷ್ಯ, ಗಟ್ಟಿಯಾಗಿ ಮಾತಾಡಿದರೆ ಅವರಿಗೇ ಹೆದರಿಕೆ. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕರೆಂಟಿನ ಬಿಲ್ಲು ಏರಿದೆ. ಮೋಟಾರು ಎರಡು ಸಲ ಸುಟ್ಟು ಕಾಯಿಲ್ ಕಟ್ಟಿಸಿದ್ದಾಯಿತು. ನೀರು ಶುದ್ಧ ಮಾಡುವ ಪೌಡರಿನ ರೇಟು ಕೇಳಿದರೆ ತಲೆ ತಿರುಗುತ್ತದೆ. ತೊಳೆಯುವ ಕೆಲಸದವನು ಹೆಚ್ಚು ಸಂಬಳ ಕೊಡುವ ಕಡೆ ಹೋದ. ಎಲ್ಲಕ್ಕಿಂತ ದೊಡ್ಡ ಹೊರೆ ನೀರಿನದೇ. ಕೊಳದ ನೀರು ದಿನ ದಿನಕ್ಕೂ ಇಳಿಯುತ್ತಿತ್ತು. ಬಿಸಿಲಿಗೆ ಆರುತ್ತದೆ ಅಂದುಕೊಂಡಿದ್ದೆವು, ಆದರೆ ಬಿಸಿಲು ಇಷ್ಟು ಕುಡಿಯುತ್ತದೆಯೇ? ಬೋರು ಸೊರಗಿದ್ದರಿಂದ ಟ್ಯಾಂಕರು ತರಿಸಬೇಕು, ಹೊಸ ನೀರಿಗೆ ಮತ್ತೆ ಪೌಡರು ಸುರಿಯಬೇಕು. ಎಲ್ಲೋ ಸೋರುತ್ತಿದೆ ಅಂತ ಒಬ್ಬ ಕಂಟ್ರಾಕ್ಟರನ್ನು ಕರೆಸಿದರೆ, ಎಲ್ಲಿ ಅಂತ ಹೇಳಲಾಗದು, ಟೈಲ್ಸೆಲ್ಲ ಒಡೆದು ಹೊಸದಾಗಿ ಹಾಕಬೇಕು ಅಂದ. ಅವನು ಹೇಳಿದ ಮೊತ್ತಕ್ಕೆ ಇನ್ನೊಂದು ಕೊಳವನ್ನೇ ಕಟ್ಟಿಸಬಹುದಿತ್ತು.

"ಈ ಸಲ ತರಿಸಿದ ನೀರು ಎಷ್ಟು ದಿನ ಬರ್ತದೋ ಬರಲಿ. ಅದು ಮುಗಿದ ಮೇಲೆ ಬಾಗಿಲು ಹಾಕೋಣ್ರಿ" ಅಂದರು ಅಧ್ಯಕ್ಷರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಚಂದಾ ಎತ್ತಲು ಮನೆಮನೆ ತಿರುಗಿದವರು ಅವರೇ.

ನಾನು ಮೇಜು ಕುಟ್ಟಿದೆ, ಕೂಗಾಡಿದೆ. ಕೂಗಿದರೆ ನೀರು ನಿಲ್ಲುತ್ತದೆಯೇ? ಮಾರನೇ ದಿನ ವಿಷಯ ತಿಳಿದಾಗ ಉಡುತಡಿಯವಳು ಅಳಲಿಲ್ಲ, ಬೈಯಲಿಲ್ಲ. "ಹಂಗಾದ್ರೆ ನನಗೆ ಬೇಗ ಬೇಗ ಕಲಿಸಿಬಿಡ್ರಿ" ಅಂದಳು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಅವಳಿಗೆ ತೇಲಲು ಬರುತ್ತಿತ್ತು, ಒಂದಡಿ ಮುಂದೆ ಹೋಗಲು ಬರುತ್ತಿರಲಿಲ್ಲ. ಮುಳುಗುವ ಮಗುವಿನ ಹತ್ತಿರ ತೇಲಿಕೊಂಡು ಹೋಗಿ ಮಾಡುವುದೇನು?

ಕಡೇ ಟ್ಯಾಂಕರು ಬಂದು ಕೊಳ ಅಂಚಿನವರೆಗೆ ತುಂಬಿದ ದಿನ ನಾನು ಗೇಟು ದಾಟಿ ಒಳಗೆ ಬಂದರೆ ನಮ್ಮ ಹೆಂಗಸರೆಲ್ಲ ಹಬ್ಬದ ಸೀರೆ ಉಟ್ಟು ಸಾಲಾಗಿ ನಿಂತಿದ್ದರು. ಕೈಯಲ್ಲಿ ಮೊರ. ಮೊರದಲ್ಲಿ ಬಳೆ, ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ, ಸೇವಂತಿಗೆ. ಒಂದು ತಂಬಿಗೆ ತುಂಬ ಕಲಸಿದ ಅರಿಶಿನ.

"ಎಂತದ್ರೇ ಇದು?" ಅಂದೆ.

"ಕೆರೆ ತುಂಬಿದ್ರೆ ಬಾಗಿನ ಕೊಡಲ್ವಾ? ಇವಳೂ ಗಂಗಮ್ಮನೇ" ಅಂದರು ಮಂಡಿನೋವಿನ ಅಜ್ಜಿ. "ಕಟ್ಟಿದಾಗಿಂದ ಒಂದು ಸಲವೂ ಕೊಟ್ಟಿಲ್ಲ ನಾವು. ಅದಕ್ಕೇ ಅವಳು ನಿಲ್ತಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. ಹೂವಿನ ಎಸಳು ಒಂದು ಫಿಲ್ಟರಿಗೆ ಹೋದರೆ ಸಾಕು, ಮೋಟಾರು ಮತ್ತೆ ಸುಡುತ್ತದೆ ಅಂತ ಕೂಗುತ್ತಾ ಓಡಿ ಮೋಟಾರು ಆರಿಸಿದೆ. ತಿರುಗಿ ನೋಡುವಷ್ಟರಲ್ಲಿ ಮೊರಗಳು ನೀರಿಗಿಳಿದಿದ್ದವು. ಆಳದ ಕಡೆಯೇ ಗಂಗಮ್ಮ ಇರುವುದು ಅಂತ, ಅಲ್ಲಿನ ಕಬ್ಬಿಣದ ಏಣಿ ಪಕ್ಕದಲ್ಲಿ ಕೂತು ಅಜ್ಜಿ ತಂಬಿಗೆಯ ಅರಿಶಿನವನ್ನು ಪೂರ್ತಿ ಸುರಿದೇ ಬಿಟ್ಟರು. ನೀಲಿ ನೀರಲ್ಲಿ ಹಳದಿ ಮೋಡ! ನನಗೆ ಅಳು ಬಂತು. ಇರುವ ನಾಲ್ಕು ದಿನದ ನೀರನ್ನೂ ಕೆಡಿಸಿದಿರಲ್ಲ, ನಿಮ್ಮ ಭಕ್ತಿಗೆ ನನ್ನ ಕೊಳವೇ ಬೇಕಿತ್ತಾ ಅಂತ ಬಾಯಿಗೆ ಬಂದಂತೆ ಬೈದೆ. ಅಜ್ಜಿ ತಲೆ ತಗ್ಗಿಸಿ ನಿಂತರು.

ಬೈಯುತ್ತಲೇ ಬಟ್ಟೆ ಬದಲಿಸಿ, ಈಜುವಾಗ ಹಾಕುವ ಕನ್ನಡಕ ಹಾಕಿ, ಹೂವು ಆರಿಸಲು ಏಣಿಯಿಂದ ನೀರಿಗಿಳಿದೆ. ತಲೆ ಮುಳುಗಿಸಿ ನೋಡಿದರೆ ಅರಿಶಿನ ಹರಡಿರಲಿಲ್ಲ. ಮೋಟಾರು ನಿಂತು ನೀರು ಅಲುಗದೆ ಇತ್ತಲ್ಲ, ಹಳದಿ ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು. ಇಳಿಯುತ್ತಾ ಇಳಿಯುತ್ತಾ ಜಡೆ ಹೆಣೆದ ಹಾಗೆ ಒಂದೇ ಎಳೆಯಾಗಿ ಏಣಿಯ ಬುಡದ ಕಡೆ ಹೋಗುತ್ತಿತ್ತು. ಅಲ್ಲಿ ಏಣಿಯ ಕಾಲು ಗೋಡೆಗೆ ಕೂತ ಜಾಗದಲ್ಲಿ, ಒಂದು ಬೆರಳು ಹಿಡಿಸದ ಬಿರುಕಿನೊಳಗೆ, ಸದ್ದಿಲ್ಲದೆ ನುಗ್ಗಿ ಮಾಯವಾಗುತ್ತಿತ್ತು.

ಉಸಿರು ಕಟ್ಟುವವರೆಗೂ ನೋಡುತ್ತಲೇ ಇದ್ದೆ. ನಮ್ಮ ಟ್ಯಾಂಕರುಗಳೆಲ್ಲ ಹೋದ ದಾರಿ ಅದು. ಕಂಟ್ರಾಕ್ಟರಿಗೆ ಸಿಗದ ದಾರಿ. ಮೇಲೆ ಬಂದು ನೀರು ಉಗಿದು, "ಅಜ್ಜೀ, ಇನ್ನೊಂಚೂರು ಅರಿಶಿನ ಐತಾ?" ಅಂದೆ. ನನಗೆ ತಲೆ ಕೆಟ್ಟಿತು ಅಂದುಕೊಂಡರು. ಒಬ್ಬೊಬ್ಬರಿಗೇ ಕನ್ನಡಕ ಹಾಕಿಸಿ, ದಂಡೆಯಿಂದಲೇ ಬಗ್ಗಿಸಿ, ಕುತ್ತಿಗೆ ಹಿಡಿದು ತಲೆ ಮುಳುಗಿಸಿ ತೋರಿಸಿದೆ. ಅಜ್ಜಿ ಮಾತ್ರ ನೋಡಲು ಒಪ್ಪಲಿಲ್ಲ. "ನಾನು ಯಾಕೆ ನೋಡ್ಲಿ, ಕೊಟ್ಟವಳು ನಾನೇ ಅಲ್ವಾ" ಅಂದರು.

ಮುಂದಿನದು ನಮ್ಮ ಅಂಗಡಿಯ ಕೆಲಸ. ಒಡೆದ ಪೈಪಿಗೆ ಮೆತ್ತುವ ಪುಟ್ಟಿ ನಮ್ಮಲ್ಲಿ ಯಾವಾಗಲೂ ಇರುತ್ತದೆ, ಎರಡು ಉಂಡೆ ಕಲಸಿ ಹಚ್ಚಿದರೆ ನೀರಿನೊಳಗೂ ಗಟ್ಟಿಯಾಗುತ್ತದೆ. ಯಜಮಾನರು ಡಬ್ಬ ಹಿಡಿದು ಓಡಿ ಬಂದರು. ಗೇಟಿನ ಆಚೆಯೇ ನಿಂತು, "ನೀನು ಮುಳುಗಬೇಡ ಮಾರಾಯ್ತಿ, ಯಾರನ್ನಾದ್ರೂ ಕರೆಸ್ತೀನಿ" ಅಂತ ಕೂಗಿದರು. ಯಾರನ್ನು ಕರೆಸುವುದು? ಹೆಂಗಸರ ಹೊತ್ತಿನಲ್ಲಿ ಅಷ್ಟು ಆಳಕ್ಕೆ ಇಳಿಯಬಲ್ಲವಳು ನಾನೊಬ್ಬಳೇ. ಮುಳುಗಿದೆ, ಮೆತ್ತಿದೆ, ಮೇಲೆ ಬಂದು ಉಸಿರು ತಗೊಂಡೆ, ಮತ್ತೆ ಮುಳುಗಿದೆ. ಉಡುತಡಿಯವಳು ದಂಡೆಯಲ್ಲಿ ಹೊಟ್ಟೆ ಮೇಲೆ ಮಲಗಿ ನಾನು ಬಂದಾಗಲೆಲ್ಲ ಹೊಸ ಉಂಡೆ ಕಲಸಿ ಕೈಗಿಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅಧ್ಯಕ್ಷರು ನಾನು ಬರುವುದಕ್ಕೆ ಮುಂಚೆಯೇ ಬಂದು ನಿಂತಿದ್ದರು. ನೀರು ಹಿಂದಿನ ದಿನ ಎಲ್ಲಿತ್ತೋ ಅಲ್ಲೇ, ಅಂಚಿನ ಟೈಲ್ಸನ್ನು ಮುಟ್ಟಿಕೊಂಡು ನಿಂತಿತ್ತು. ಅವರು ಚಪ್ಪಲಿ ಬಿಟ್ಟು ದೂರ ಇಟ್ಟಿದ್ದರು. ನಾನು ಎಲ್ಲ ವಿವರಿಸಿದೆ, ಬಿರುಕು, ಪುಟ್ಟಿ, ಅರಿಶಿನ. ಎಲ್ಲ ಕೇಳಿಸಿಕೊಂಡು ಕೈ ಮುಗಿದರು. ನಾನೂ ಮುಗಿದೆ. ಯಾವ ಬಿರುಕಿನಿಂದ ಯಾಕೆ ಸೋರಿತು ಅಂತ ನನಗೆ ಚೆನ್ನಾಗಿ ಗೊತ್ತು, ಆದರೂ ಆ ಹೊತ್ತಿನಲ್ಲಿ ಆ ನೀರಿನ ಮುಂದೆ ಸುಮ್ಮನೆ ನಿಲ್ಲುವುದು ನನ್ನಿಂದ ಆಗಲಿಲ್ಲ.

ಸೋರುವುದು ನಿಂತರೆ ಖರ್ಚೆಲ್ಲ ನಿಂತಿತು ಅಂತಲ್ಲ. ಕರೆಂಟಿನವರಿಗೆ ಗಂಗಮ್ಮ ಗೊತ್ತಿಲ್ಲ. ಮೋಟಾರು ಓಡಿಸುವ ಹೊತ್ತು ಇಳಿಸಿದೆವು, ಟಿಕೆಟು ಸ್ವಲ್ಪ ಏರಿಸಿ ಊರವರಿಂದ ಬೈಸಿಕೊಂಡೆವು. ತೊಳೆಯುವವರಿಲ್ಲದ್ದಕ್ಕೆ ನಾನು ನಮ್ಮ ಕಡೆಯ ಮುಯ್ಯಿ ನೆನಪಿಸಿದೆ. ಸೊರಬದಲ್ಲಿ ನಾಟಿ ಸಮಯಕ್ಕೆ ಇವರ ಗದ್ದೆಗೆ ಅವರು, ಅವರ ಗದ್ದೆಗೆ ಇವರು ಹೋಗಿ ದುಡಿದು ತೀರಿಸುತ್ತಾರಲ್ಲ, ಹಾಗೆ. ದಿನಕ್ಕೆ ಒಂದಿಷ್ಟು ಹೆಂಗಸರು ಬ್ರಷ್ ಹಿಡಿದು ಪಾಚಿ ಉಜ್ಜುವುದು, ಉಜ್ಜಿದವರು ಟಿಕೆಟಿಲ್ಲದೆ ಈಜುವುದು. ಬ್ಯಾಂಕಿನ ಮೇಡಮ್ಮು ಮೊದಲ ದಿನ ಉಗುರು ನೋಡಿಕೊಂಡರು, ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ಉಜ್ಜಿದರು. ಸಮಿತಿಯವರು ಬಾಗಿಲು ಹಾಕುವ ಮಾತು ಮತ್ತೆ ಎತ್ತಲಿಲ್ಲ.

ಉಡುತಡಿಯವಳು ಉಜ್ಜುವ ಸರದಿ ಇದ್ದ ದಿನವೂ ಬಂದಳು, ಇಲ್ಲದ ದಿನವೂ ಬಂದಳು. ಮೊದಲು ಅಡ್ಡಕ್ಕೆ ದಾಟಿದಳು. ನೀರು ಕುಡಿದಳು, ಕೆಮ್ಮಿದಳು, ನನಗೆ ಬೈದಳು. ಆಮೇಲೆ ಉದ್ದಕ್ಕೆ ದಾಟಿದಳು. ಆಮೇಲೆ ತುಂಬಿದ ಕೊಡ ಒಂದನ್ನು ನೀರಿನ ತಳಕ್ಕೆ ಬಿಟ್ಟು, ಮುಳುಗಿ ಎತ್ತಿ ತಂದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ತನಗೇನು ಬೇಕು ಅಂತ ಅವಳಿಗೇ ಗೊತ್ತಿತ್ತು.

ಮಳೆ ಹಿಡಿಯಿತು. ಒಂದು ದಿನ ಫೋನು ಬಂತು. "ಅಕ್ಕಾರ, ಹೊಂಡ ತುಂಬೈತೆ. ಒಂದ್ಸಲ ಬಂದು ನಿಂತ್ಕಳ್ರಿ." ಅಂಗಡಿಯಿಂದ ದಪ್ಪ ನೈಲಾನ್ ಹಗ್ಗ ತಗೊಂಡು ಉಡುತಡಿ ಬಸ್ಸು ಹತ್ತಿದೆ. ಹಠ ಮಾಡಿ ಬಾಗಿನದ ಅಜ್ಜಿಯೂ ಬಂದರು.

ಹೊಂಡ ನೋಡಿ ನನಗೇ ಇಳಿಯಲು ಧೈರ್ಯ ಬರಲಿಲ್ಲ. ನಮ್ಮ ಕೊಳದಲ್ಲಿ ತಳ ಕಾಣುತ್ತದೆ, ಇಲ್ಲಿ ಕೆಂಪು ನೀರು, ಕೈ ಅದ್ದಿದರೆ ಬೆರಳು ಕಾಣದು. ಗೂಟ ಬಡಿದು, ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಹತ್ತಲು ಬರುವ ಹಾಗೆ ಇಳಿಜಾರಿನಲ್ಲಿ ಎರಡು ಕಡೆ ಇಳಿಬಿಟ್ಟೆವು. ಅವಳ ಗಂಡ ಒಂದು ಹಗ್ಗದ ಬುಡ ಹಿಡಿದು ಕೂತ. ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಬೇಲಿ ಆಚೆ ನಿಂತರು, ತುಟಿ ಬಿಗಿ ಹಿಡಿದು. ಈಜಿನ ಅಂಗಿ ಬೇಡ ಅಂದಳು ಅವಳು. ಮಗು ಬಿದ್ದರೆ ಬಟ್ಟೆ ಬದಲಿಸಲು ಹೊತ್ತೆಲ್ಲಿ ಅಂತ, ಸೀರೆ ಕಚ್ಚೆ ಕಟ್ಟಿ, ನಾನು ಒಂದು ಎರಡು ಅನ್ನುವುದರೊಳಗೆ ಹಾರಿಯೇಬಿಟ್ಟಳು.

ಮುಳುಗಿದಳು. ನಾನು ಇನ್ನೊಂದು ಹಗ್ಗ ಹಿಡಿದು ಅಂಚಿಗೆ ಬಂದೆ. ಎದ್ದಳು, ಮುಖದ ನೀರು ಒರೆಸಿಕೊಳ್ಳಲಿಲ್ಲ, ಕೈ ಎಸೆಯುತ್ತ ಆಚೆ ದಡಕ್ಕೆ ಹೋದಳು. ಅಲ್ಲಿಂದ ತಿರುಗಿ ನಡುವಿಗೆ ಬಂದು ಉಸಿರೆಳೆದು ಒಳಗೆ ಹೋದಳು. ಆ ಕೆಂಪು ನೀರು ಮೇಲೆ ಮುಚ್ಚಿಕೊಂಡಿತು. ಮೇಲೆ ಬಂದಾಗ ಅವಳ ಮುಷ್ಟಿಯಲ್ಲಿ ತಳದ ಹಾಳೆ ಮೇಲೆ ಕೂತಿದ್ದ ಕೆಸರಿತ್ತು. ಗಂಟು ಗಂಟು ಹಿಡಿದು ಹತ್ತಿ ಬಂದು, ಆ ಕೆಸರನ್ನು ಗಂಡನಿಗೂ ಅತ್ತೆಗೂ ತೋರಿಸಿದಳು. ಕುರಿ ಕಾಯುವವರ ಮನೆಯಲ್ಲಿ ಆ ನೀರಿನ ತಳ ಮುಟ್ಟಿ ಬಂದವರು ಅದುವರೆಗೆ ಯಾರೂ ಇರಲಿಲ್ಲ. ನಾನು ನಿಂತಲ್ಲೇ ಕೂತುಬಿಟ್ಟೆ.

ಮನೆಗೆ ಬಂದು ನಮ್ಮನ್ನು ಊಟಕ್ಕೆ ಕೂರಿಸಿದಳು. ತಟ್ಟೆ ಇಟ್ಟಳು, ರೊಟ್ಟಿ ತರುತ್ತೇನೆ ಅಂತ ಒಳಗೆ ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಅಜ್ಜಿ ನನ್ನ ಮುಖ ನೋಡಿದರು, ನಾನು ಎದ್ದು ಇಣುಕಿದೆ. ಒಲೆ ಪಕ್ಕದ ಗೋಡೆಗೆ ಒರಗಿ, ರೊಟ್ಟಿ ಬುಟ್ಟಿ ತೊಡೆ ಮೇಲಿಟ್ಟುಕೊಂಡು, ಒದ್ದೆ ಕೂದಲಲ್ಲೇ ಅವಳು ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಎಬ್ಬಿಸಲು ಹೋದ ನನ್ನ ಕೈಯನ್ನು ಅವಳ ಅತ್ತೆ ಹಿಂದಿನಿಂದ ಹಿಡಿದುಕೊಂಡರು.

"ಮಲಗ್ಲಿ ಬಿಡ್ರಿ" ಅಂದರು ಮೆಲ್ಲಗೆ. "ಹೋದ ಮಳೆಗಾಲದಿಂದ ಹಗಲು ಹೊತ್ತು ಅವಳು ಕಣ್ಣು ಮುಚ್ಚಿದ್ದು ನಾನು ಕಂಡಿಲ್ಲ."

ಸೊಸೆಯ ತೊಡೆಯಿಂದ ಬುಟ್ಟಿಯನ್ನು ಸದ್ದಾಗದ ಹಾಗೆ ಎತ್ತಿಕೊಂಡು ಬಂದು, ಅವರೇ ನಮಗೆ ರೊಟ್ಟಿ ಬಡಿಸಿದರು.